ಮಾವನ ಮನೆಯ ಹಬ್ಬದ ರಜೆ

ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅವಳ ಗಾಜಿನ ಅಂಗಡಿ. ನಡುವೆ ಒಂದು ಬೀದಿ, ಅದೂ ಕೈಗಾಡಿ ಬಂದರೆ ಸೈಕಲ್ಲು ಪಕ್ಕಕ್ಕೆ ನಿಲ್ಲಬೇಕಾದಷ್ಟು ಕಿರಿದು. ಅಪ್ಪ ಸತ್ತಮೇಲೆ ಹುಡುಗಿ ಅಂಗಡಿ ಮುಚ್ಚುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಬಾಗಿಲು ತೆಗೆದಳು. ಆಳೆತ್ತರದ ಗಾಜನ್ನು ಮೇಜಿನ ಮೇಲೆ ಮಲಗಿಸಿ, ಒಂದೇ ಉಸಿರಿಗೆ ಗೀರು ಎಳೆದು, ಅಂಚಿಗೆ ತಂದು ಟಪ್ಪೆಂದು ಮುರಿದಳು. ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ಅಂದಿನಿಂದ ಬೀದಿಗೆಲ್ಲ ಅವಳು ಗಾಜಕ್ಕ. ಆಗ ಅವಳಿಗೆ ಇಪ್ಪತ್ಮೂರು. ಅವಳ ಅಪ್ಪನ ಜೊತೆ ಇಸ್ಪೀಟು ಆಡಿದ ನಾನೂ ಗಾಜಕ್ಕ ಅಂತಲೇ ಕರೆದೆ.

ಬೀದಿಯ ತುದಿಯ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬನಿದ್ದ. ಪ್ರೆಸ್ಸಿನವರು ಅವನನ್ನು ಗೋಂದು ಅನ್ನುತ್ತಿದ್ದರು. ಕೈಗೆ ಸದಾ ಗೋಂದು ಮೆತ್ತಿರುತ್ತದೆ ಅನ್ನುವುದು ಒಂದು ಕಾರಣ. ಯಾರು ಏನೇ ಬೈದರೂ ತುಟಿ ಅಂಟಿಸಿಕೊಂಡು ಸುಮ್ಮನಿರುತ್ತಾನೆ ಅನ್ನುವುದು ಇನ್ನೊಂದು. ಕಪಾಟಿಗೆ ಗಾಜು ಬೇಕೆಂದು ಬಂದವನು ಮೂರು ಸಲ ತಪ್ಪು ಅಳತೆ ತಂದ. ನಾಲ್ಕನೇ ಸಲ ಗಾಜಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ತಪ್ಪೋದು ನಿನ್ನ ಕೈಯೋ ಕಣ್ಣೋ?"

"ಎರಡೂ ಅಲ್ಲ."

"ಮತ್ತೆ?"

"ಬರೋದಕ್ಕೆ ಬೇರೆ ನೆಪ ಸಿಗಲಿಲ್ಲ."

ಅವನು ಅಷ್ಟು ಉದ್ದದ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆರು ತಿಂಗಳಿಗೆ ಮದುವೆ ಆಯಿತು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಅವರ ಕಿಟಕಿಯ ಪರದೆ ಹೊಲಿದವನು ನಾನು. ಅಲ್ಲಿಂದ ಮುಂದಿನದೆಲ್ಲ ಅವಳೇ ಆಗಾಗ ಬಂದು ನನ್ನ ಮೆಷಿನ್ನಿನ ಪಕ್ಕದ ಮುಕ್ಕಾಲಿಯ ಮೇಲೆ ಕೂತು ಹೇಳಿದ್ದು. ಸ್ವಲ್ಪ ಭಾಗ ಅವನು ಹೇಳಿದ್ದು, ಅದು ತುಂಬ ತಡವಾಗಿ.

ವರ್ಷದ ದೊಡ್ಡ ರಜೆ ಬಂತು. ಊರೂರಿನ ಬಸ್ಸುಗಳು ಬಾಗಿಲಲ್ಲಿ ಜನ ನೇತಾಡಿಸಿಕೊಂಡು ಓಡುವ ದಿನಗಳು. ಮದುವೆಯಾದ ಮೇಲಿನ ಮೊದಲ ಹಬ್ಬ, ಅವನ ಅಪ್ಪನ ಮನೆಗೆ ಹೋಗಬೇಕು. ಏಳು ಗಂಟೆಯ ದಾರಿ, ಎರಡು ಕಡೆ ಬಸ್ಸು ಬದಲಿಸಬೇಕು. ಅವನು ಪ್ರೆಸ್ಸಿನಲ್ಲಿ ಉಳಿದ ಬಣ್ಣದ ಕಾಗದದ ಚೂರುಗಳಿಂದ ತಿಂಗಳಿಡೀ ಕೂತು ಸರ, ಹೂವು, ನಕ್ಷತ್ರ ಮಾಡಿ ಎರಡು ಚೀಲ ತುಂಬಿದ್ದ. ಅವಳು ಅತ್ತೆಗೆಂದು ದುಂಡನೆಯ ಕನ್ನಡಿಯೊಂದನ್ನು ತಾನೇ ಕೊರೆದು, ಅಂಚು ಉಜ್ಜಿ, ಕಂಬಳಿಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಡ್ರೈವರಿಗೆ ಹಿಡಿಶಾಪ ಹಾಕಿದಳು. ಕನ್ನಡಿ ಒಯ್ಯುವುದು ಬೇಡ ಅಂತ ಗಂಡ ಎರಡು ಸಲ ಅಂದಿದ್ದ. ಯಾಕೆ ಅಂತ ಮಾತ್ರ ಹೇಳಿರಲಿಲ್ಲ.

ಮಾವ ಬಸ್ ನಿಲ್ದಾಣಕ್ಕೇ ಬಂದಿದ್ದರು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸುವವರ ಮೇಸ್ತ್ರಿಯಾಗಿದ್ದವರು, ಬಾಗಿಲಿನಷ್ಟು ಅಗಲದ ಎದೆ, ಅದಕ್ಕೆ ತಕ್ಕ ನಗು. ನಿಲ್ದಾಣದಿಂದ ಮನೆಯವರೆಗೆ ದಾರಿಯಲ್ಲಿ ಸಿಕ್ಕವರೆಲ್ಲ ಅವರನ್ನು ನಿಲ್ಲಿಸಿ ಮಾತಾಡಿಸಿದರು. "ನಮ್ಮ ಸೊಸೆ ನೋಡಪ್ಪಾ, ಗಾಜನ್ನೇ ಹೆದರಿಸ್ತಾಳಂತೆ!" ಅಂದು ಎಲ್ಲರನ್ನೂ ನಗಿಸಿದರು. ಬೀಡಿ ಇಲ್ಲ, ಕುಡಿತ ಇಲ್ಲ. ಗಾಜಕ್ಕನಿಗೆ ತನ್ನ ತೀರಿಹೋದ ಅಪ್ಪ ಸಿಕ್ಕಷ್ಟು ಸಂತೋಷವಾಯಿತು.

ಮನೆಯೊಳಗೆ ಕಾಲಿಟ್ಟ ಮೇಲೆ ಅವಳ ಕಸುಬಿನ ಕಣ್ಣಿಗೆ ಒಂದು ವಿಷಯ ಬಿತ್ತು. ಆ ಮನೆಯಲ್ಲಿ ಗಾಜೇ ಇರಲಿಲ್ಲ. ಕಿಟಕಿಗಳಿಗೆ ಪ್ಲೈವುಡ್ಡು. ಗೋಡೆಯ ತುಂಬ ಪ್ರತಿ ಹಬ್ಬಕ್ಕೂ ಮೆಟ್ಟಿಲ ಮೇಲೆ ನಿಂತು ತೆಗೆಸಿಕೊಂಡ ಕುಟುಂಬದ ಫೋಟೊಗಳು, ಒಂದಕ್ಕೂ ಮೇಲೆ ಗಾಜಿಲ್ಲ. ತಟ್ಟೆ ಲೋಟ ಎಲ್ಲ ಸ್ಟೀಲು, ಎಲ್ಲವೂ ಅಲ್ಲಲ್ಲಿ ನೆಗ್ಗಿದವು. ಬಲ್ಬಿನ ಸುತ್ತ ತಂತಿಯ ಬಲೆ. ಬಡತನ ಅಂದುಕೊಂಡಳು. ಕನ್ನಡಿ ಬಿಚ್ಚಿ ತೋರಿಸಿದಾಗ ಅತ್ತೆ ಅದನ್ನು ಮುಟ್ಟಲಿಲ್ಲ. ಲಾಂಡ್ರಿಯಲ್ಲಿ ಕೆಲಸ ಮಾಡುವ ನಾದಿನಿ ಹತ್ತಿರ ಬಂದು ಕಿವಿಯಲ್ಲಿ, "ಅತ್ತಿಗೆ, ಅದನ್ನ ಹಾಸಿಗೆ ಕೆಳಗಿಡಿ," ಅಂದಳು. ಮಾವನೇ ಅಡ್ಡ ಬಂದು, "ಯಾಕೆ? ಸೊಸೆ ತಂದಿದ್ದು, ನಡುಮನೆಯಲ್ಲೇ ಇರಲಿ," ಅಂತ ಮೊಳೆ ಹೊಡೆದು ತೂಗುಹಾಕಿದರು.

ಮಾರನೇ ದಿನ ಹಬ್ಬ. ಬೆಳಗಿನಿಂದ ಅಣ್ಣತಂಗಿ ಇಬ್ಬರೂ ಸೂರಿಗೆ ಕಾಗದದ ಸರ ಕಟ್ಟಿದರು. ಮಾವ ಕೈ ಹಿಂದೆ ಕಟ್ಟಿಕೊಂಡು ತಪಾಸಣೆ ಮಾಡುತ್ತ ತಿರುಗಿದರು. ಫೋಟೊ ತೆಗೆಯುವವನು ಊಟಕ್ಕೆ ಮುಂಚೆಯೇ ಬಂದು ಹೋದ. ಊಟಕ್ಕೆ ಕೂತಾಗ ಮಧ್ಯಾಹ್ನ ಒಂದೂವರೆ. ಮಾವ ಒಂದು ತುತ್ತು ಬಾಯಿಗಿಟ್ಟು, ನಿಧಾನಕ್ಕೆ ಅಗಿದು, "ಆರಿದೆ," ಅಂದರು.

ಆ ಒಂದು ಮಾತಿಗೆ ಗಂಡ, ನಾದಿನಿ ಇಬ್ಬರೂ ಎದ್ದು ತಟ್ಟೆಗಳನ್ನು ಬಳಿದೆತ್ತಿದರು. ಬೆಂಕಿ ಬಿದ್ದಿದೆಯೆಂದು ಗಂಟೆ ಹೊಡೆದಾಗ ಅಭ್ಯಾಸವಾದವರು ಎದ್ದಂತೆ. ಗಾಜಕ್ಕ ಕೂತೇ ಇದ್ದಳು. ಮಾವ ಅತ್ತೆಯ ಕೂದಲು ಹಿಡಿದು ಎಬ್ಬಿಸಿದರು. "ವರ್ಷಕ್ಕೆ ಒಂದು ದಿನ! ಒಂದು ದಿನ ನೆಟ್ಟಗೆ ಮಾಡೋಕಾಗಲ್ವಾ ನಿನಗೆ?" ಒಂದೊಂದು ಮಾತಿಗೂ ಒಂದೊಂದು ಸಲ ತಲೆ ಗೋಡೆಗೆ ಬಡಿಯಿತು. ಅತ್ತೆ ಕೂಗಲಿಲ್ಲ. ಕೈಯನ್ನು ತಲೆಗೂ ಗೋಡೆಗೂ ನಡುವೆ ತಂದುಕೊಂಡರು, ಅಷ್ಟೇ. ಮೂರನೆಯದೋ ನಾಲ್ಕನೆಯದೋ ಬಡಿತಕ್ಕೆ ಕನ್ನಡಿ ಕೆಳಗೆ ಬಿತ್ತು. ಮಾವ ಅದರ ಮೇಲೇ ಕಾಲಿಟ್ಟು, ಚೂರುಗಳ ಮೇಲೆ ಹೆಂಡತಿಯನ್ನು ದಬ್ಬಿದರು. ಅತ್ತೆಯ ಮೊಣಕಾಲಿಂದ ರಕ್ತ ನೆಲಕ್ಕೆ ಹರಿಯಿತು.

ಅರ್ಧ ಗಂಟೆಯ ನಂತರ ಮಾವ ಜಗಲಿಯಲ್ಲಿ ಕೂತು ಪಕ್ಕದ ಮನೆಯವನ ಜೊತೆ ನಗುತ್ತ ಚಹಾ ಕುಡಿದರು. ಗೋಂದು ನೆಲದ ಮೇಲೆ ಕೂತು ತಾಯಿಯ ಮೊಣಕಾಲಿಂದ ಚೂರು ಕೀಳುತ್ತಿದ್ದ. ಪ್ರತಿ ಚೂರನ್ನೂ ಒಂದೇ ಹಿಡಿತಕ್ಕೆ ತೆಗೆದು ಪಕ್ಕದ ಲೋಟಕ್ಕೆ ಹಾಕುತ್ತಿದ್ದ. ಆ ಕೆಲಸ ಅವನಿಗೆ ಎಷ್ಟು ರೂಢಿಯಾಗಿತ್ತೆಂಬುದನ್ನು ನೋಡಿ ತಾನು ಎದ್ದು ಹಿತ್ತಲಿಗೆ ಹೋದೆ ಅಂತ ಗಾಜಕ್ಕ ಹೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದಳು, "ಯಾಕೆ ತಡೀಲಿಲ್ಲ?"

"ತಡೆದ್ರೆ ನಾವು ಹೊರಟ ಮೇಲೆ ಅದೂ ಸೇರಿ ಅಮ್ಮನಿಗೇ ಬೀಳತ್ತೆ."

"ಹಾಗಾದ್ರೆ ಮುಂದಿನ ವರ್ಷ ಬರೋದು ಬೇಡ."

"ನಾನು ಬರದಿದ್ರೆ ತಟ್ಟೆ ಎತ್ತೋದಕ್ಕೆ ಒಂದು ಕೈ ಕಮ್ಮಿ ಆಗತ್ತೆ," ಅಂದ. ತಟ್ಟೆಗಳೂ ಅವನಿಗೆ ಏಟಿನ ಲೆಕ್ಕವೇ. ಸ್ಟೀಲಿನ ತಟ್ಟೆಯ ಅಂಚು ಹಣೆಗೆ ಬಿದ್ದರೆ ಎಷ್ಟು ಸೀಳುತ್ತದೆ ಅಂತ ಬೆರಳಿಟ್ಟು ತೋರಿಸಿದ. ಹುಬ್ಬಿನ ಮೇಲಿನ ಗೆರೆಯನ್ನು ಅವಳು ಅಲ್ಲಿಯವರೆಗೆ ಹುಟ್ಟುಗುರುತು ಅಂದುಕೊಂಡಿದ್ದಳು.

ಆ ವರ್ಷ ತಮ್ಮ ಎರಡು ಕೋಣೆಗಳನ್ನು ಅವಳು ಹಟದಿಂದ ಅಲಂಕರಿಸಿದಳು. ಕಿಟಕಿಗೆ ಹಸಿರು, ಕೆಂಪು, ಜೇನುಬಣ್ಣದ ಗಾಜು ಕೂರಿಸಿದಳು. ಗೋಡೆಗೆ ಅವನೇ ನೀಲಿ ಸುಣ್ಣ ಬಳಿದ. ಸಂಜೆಯ ಬಿಸಿಲು ಬಂದರೆ ನನ್ನ ಅಂಗಡಿಯ ನೆಲದ ಮೇಲೂ ಬಣ್ಣ ಬೀಳುತ್ತಿತ್ತು. ಆದರೆ ಒಳಗಿನ ಮಾತು ಆ ಬಣ್ಣದ್ದಾಗಿರಲಿಲ್ಲ. ಅವಳು ಬಾಯಿ ಬಿಟ್ಟರೆ ಬೀದಿಗೆ ಕೇಳುತ್ತಿತ್ತು. "ನಿನ್ನ ಕೈಯಲ್ಲಿ ಮೂಳೆ ಇದೆಯೋ ಬರೀ ಗೋಂದೋ?" ಅನ್ನುತ್ತಿದ್ದಳು. ಅವನು ಕೆಳಗಿಳಿದು ಬಂದು ನನ್ನ ಅಂಗಡಿಯಲ್ಲಿ ಕೂತರೆ, ನಾನೂ ಸುಮ್ಮನಿರಲಿಲ್ಲ. "ಗಂಡಸಾದವನು ಒಂದು ಸಲ ಕೈ ತೋರಿಸಬೇಕಪ್ಪಾ," ಅಂದೆ. ಹೇಳುವುದಕ್ಕೇನು, ನಾಲಿಗೆಗೆ ಮೂಳೆ ಇಲ್ಲ.

ಎರಡನೇ ವರ್ಷ ಹೋದರು. ಈ ಸಲ ನೆಪ ಊಟದ್ದಲ್ಲ. ಫೋಟೊದಲ್ಲಿ ಅತ್ತೆ ನಗಲಿಲ್ಲ ಅನ್ನುವುದು. ಫೋಟೊದವನು ಗೇಟು ದಾಟುವುದರೊಳಗೆ ಮಾವ ಅತ್ತೆಯ ಕೆನ್ನೆಗೆ ಬಾರಿಸಿದರು. "ನಗು. ಈಗ ನಗು. ಇನ್ನೂ ಅಗಲಕ್ಕೆ!" ಗಾಜಕ್ಕ ನಡುವೆ ನುಗ್ಗಿದಳು. ಮಾವ ಅವಳ ಕಡೆ ತಿರುಗಿಯೂ ನೋಡದೆ, ಕೈಗೆ ಸಿಕ್ಕ ನೀರಿನ ಜಗ್ಗನ್ನು ಬೀಸಿದರು. ಅದು ಅವಳ ಕಿವಿಗೆ ತಗುಲಿತು. ಕಿವಿಯೊಳಗೆ ಏನೋ ಒಡೆದ ಹಾಗೆ ಸದ್ದಾಯಿತು. ಆಮೇಲೆ ಎಡಗಡೆಯ ಲೋಕವೇ ಹತ್ತಿ ತುರುಕಿದಂತೆ ಮಂದವಾಯಿತು. ಇಂದಿಗೂ ಎಡಗಿವಿ ಪೂರ್ತಿ ಕೇಳದು, ಯಾರಾದರೂ ಮಾತಾಡುವಾಗ ಕುತ್ತಿಗೆ ತಿರುಗಿಸಿ ಬಲಗಿವಿ ಮುಂದೆ ಮಾಡುತ್ತಾಳೆ. ಗೋಂದು ಓಡಿ ಬಂದು ಅವಳನ್ನು ಎರಡೂ ತೋಳಲ್ಲಿ ಎತ್ತಿ ಹೊರಗೆ ತಂದ. ಹೊರಗೆ ತಂದನಷ್ಟೇ. ಹಿಂದೆ ಬಾಗಿಲೊಳಗೆ ಏಟುಗಳು ಬೀಳುತ್ತಲೇ ಇದ್ದವು. ಪಕ್ಕದ ಮನೆಯವರು ರೇಡಿಯೋದ ಸದ್ದು ಜೋರು ಮಾಡಿದರು.

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿಯುವ ಮುಂಚೆ ಎದ್ದು ಬಂದು, ಹತ್ತು ಜನ ಕೇಳುವಂತೆ ಹೇಳಿದಳು:

"ಇನ್ನೊಂದು ಸಲ ಅವರು ಕೈ ಎತ್ತಿದಾಗ ನೀನು ಸುಮ್ಮನಿದ್ರೆ, ನಿನ್ನ ಜೊತೆ ಒಂದೇ ಸೂರಿನ ಕೆಳಗೆ ಇರಲ್ಲ ನಾನು."

ಅವನು ಆಗಲಿ ಅಂತ ತಲೆಯಾಡಿಸಿದ.

ಮೂರನೇ ವರ್ಷದ ಹೊತ್ತಿಗೆ ನಾದಿನಿ ಮದುವೆಯಾಗಿ ದೂರ ಹೋಗಿದ್ದಳು. ಹಬ್ಬಕ್ಕೆ ಬರುವುದಿಲ್ಲ ಅಂತ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು. ಮನೆಯಲ್ಲಿ ನಾಲ್ಕೇ ಜನ. ಹಬ್ಬದ ಬೆಳಿಗ್ಗೆ ಹತ್ತು ಗಂಟೆ. ಗೋಂದು ಏಣಿಯ ಮೇಲೆ ನಿಂತು ಒಂದು ತುದಿ ಕಟ್ಟುತ್ತಿದ್ದ. ಮಗಳಿಲ್ಲದ್ದರಿಂದ ಇನ್ನೊಂದು ತುದಿ ಹಿಡಿಯಲು ಅತ್ತೆ ಸ್ಟೂಲಿನ ಮೇಲೆ ನಿಂತಿದ್ದರು. ಮಾವ ಬಂದರು. ನಡುವಿನಲ್ಲಿ ಸರ ಒಂದು ಬೆರಳಿನಷ್ಟು ಜೋತುಬಿದ್ದಿತ್ತು.

"ಎಳೆದು ಕಟ್ಟು ಅಂದೆ."

"ಕಟ್ತಿದೀನಿ," ಅಂದರು ಅತ್ತೆ.

"ಎದುರು ಮಾತಾ?"

ಹಾಗಂದವರೇ ಸ್ಟೂಲಿಗೆ ಒದ್ದರು. ಅತ್ತೆ ಕೈಯೂರಿ ಬಿದ್ದರು. ಒಣಕಟ್ಟಿಗೆ ಮುರಿದಂಥ ಸದ್ದು ಅಡುಗೆಮನೆಯಲ್ಲಿದ್ದ ಗಾಜಕ್ಕನ ಒಂದೇ ಕಿವಿಗೂ ಕೇಳಿಸಿತು. ಓಡಿ ಬಂದು ನೋಡಿದರೆ ಅತ್ತೆಯ ಮುಂಗೈ ಇರಬಾರದ ಕಡೆಗೆ ತಿರುಗಿತ್ತು. ಮಾವ ಅದೇ ಕೈಯನ್ನು ಹಿಡಿದು ಎಳೆಯುತ್ತಿದ್ದರು. "ನಾಟಕ ಬೇಡ. ಏಳು. ಹಬ್ಬದ ದಿನ ನಾಟಕ ಆಡ್ತೀಯಾ?" ಅತ್ತೆ ಮದುವೆಯಾದ ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕಿರುಚಿದರು.

ಗೋಂದು ಏಣಿಯಿಂದ ಇಳಿದ. ಅವಸರವಿಲ್ಲದೆ, ಒಂದೊಂದೇ ಮೆಟ್ಟಿಲು. ಕೈಯಲ್ಲಿದ್ದ ದಾರದ ಉಂಡೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅಪ್ಪನ ಹೆಗಲು ಹಿಡಿದು ತಿರುಗಿಸಿ ಮುಖಕ್ಕೆ ಗುದ್ದಿದ.

"ನಿಜ ಹೇಳ್ತೀನಿ ಟೇಲರಣ್ಣ," ಅಂದಳು ಗಾಜಕ್ಕ ನನ್ನ ಹತ್ತಿರ. "ಆ ಮೊದಲನೇ ಗುದ್ದಿಗೆ ನನಗೆ ಹಾಲು ಕುಡಿದಷ್ಟು ಸಂತೋಷ ಆಯ್ತು. ಎರಡನೇದಕ್ಕೂ ಆಯ್ತು. ಹೊಡಿ ಅಂತ ಕೂಗಿದೆ ಕೂಡ."

ಮೂರನೆಯದಕ್ಕೆ ಮಾವ ಬಿದ್ದರು. ಮೂಗಿನಿಂದ ಬಂದ ರಕ್ತ ಬಾಯಿ ತುಂಬಿಕೊಂಡಿತು. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಳು. ಮುಗಿಯಲಿಲ್ಲ. ಅವನು ಎದೆಯ ಮೇಲೆ ಮಂಡಿಯೂರಿ ಕೂತು ಹೊಡೆಯತೊಡಗಿದ. ವರ್ಷಗಟ್ಟಲೆ ಪುಸ್ತಕಗಳ ಬೆನ್ನು ಬಡಿದು ಬಡಿದು ಗಟ್ಟಿಯಾದ ಕೈ. ಒಂದೇ ತೂಕ, ಒಂದೇ ಅಂತರ, ಕೆಲಸ ಮಾಡುವವನ ಹಾಗೆ. ದವಡೆ ಒಂದು ಕಡೆಗೆ ಸರಿಯಿತು. ಹಲ್ಲೊಂದು ನೆಲದ ಮೇಲೆ ಕಡಲೆಕಾಳಿನಂತೆ ಉರುಳಿತು. ಮಾವನ ಕೈಗಳು ಮೊದಲು ತಡೆದವು, ಆಮೇಲೆ ನೆಲ ಬಡಿದವು, ಆಮೇಲೆ ಸುಮ್ಮನಾದವು. ಅವನು ನಿಲ್ಲಿಸಲಿಲ್ಲ.

"ಸಾಕು! ಸಾಕು ಬಿಡೋ! ಸತ್ತುಹೋಗ್ತಾರೆ!" ಗಾಜಕ್ಕ ಹಿಂದಿನಿಂದ ಅವನ ತೋಳಿಗೆ ಜೋತುಬಿದ್ದಳು. ಅವನು ನೋಡದೆಯೇ ಕೊಡವಿದ. ಅವಳು ಹೋಗಿ ಗೋಡೆಗೆ ಬಡಿದುಕೊಂಡಳು. ತಲೆ ಎತ್ತಿ ಅವನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಅವಳು ಬಲ್ಲ ಯಾರೂ ಇರಲಿಲ್ಲ.

ಕೊನೆಗೆ ಅತ್ತೆ ತೆವಳಿಕೊಂಡು ಬಂದರು. ಮುರಿದ ಕೈಯನ್ನು ಹಿಂದೆ ಎಳೆದುಕೊಂಡು, ನೆಲದ ರಕ್ತದಲ್ಲಿ ಜಾರುತ್ತ ಬಂದು ಗಂಡನ ಮುಖದ ಮೇಲೆ ತಮ್ಮ ಮೈಯನ್ನು ಹಾಕಿ ಮಲಗಿಬಿಟ್ಟರು. ಎತ್ತಿದ ಕೈ ನಿಲ್ಲಲಾಗದೆ ಇಳಿಯಿತು. ಆ ಒಂದು ಏಟು ತಾಯಿಯ ಬೆನ್ನಿಗೆ ಬಿತ್ತು. ಆಗ ಅವನು ನಿಲ್ಲಿಸಿದ.

ಮೂವತ್ತು ವರ್ಷ ಏನೂ ಕೇಳಿಸದ ಅಕ್ಕಪಕ್ಕದವರಿಗೆ ಆವತ್ತು ಕೇಳಿಸಿತು. ಎಲ್ಲರೂ ಬಂದರು. "ಅಂಥ ನಗುಮುಖದ ಮನುಷ್ಯನಿಗೆ, ಅದೂ ಹಬ್ಬದ ದಿನ, ಹೆತ್ತ ಮಗನೇ…" ಅಂದಳು ರೇಡಿಯೋ ಜೋರು ಮಾಡಿದ ಮನೆಯವಳು. ಗಾಜಕ್ಕ ಅವಳ ಮುಖಕ್ಕೆ ಉಗಿದಳು. ಪೊಲೀಸರು ಬರುವವರೆಗೆ ಗೋಂದು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ತನ್ನ ಕೈಗಳನ್ನು ನೋಡುತ್ತಿದ್ದ. ಗೆಣ್ಣುಗಳ ಚರ್ಮ ಕಿತ್ತು ಒಳಗಿನ ಬಿಳಿ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಪೊಲೀಸಿನವರು ಅತ್ತೆಯ ಹೇಳಿಕೆ ಬರೆದುಕೊಂಡರು.

"ನಿಮ್ಮ ಕೈ ಹೇಗೆ ಮುರೀತಮ್ಮ?"

"ಸ್ಟೂಲಿಂದ ಬಿದ್ದೆ."

"ನಿಮ್ಮ ಯಜಮಾನರಿಗೆ ಹೊಡೆದೋರು ಯಾರು?"

"ನನ್ನ ಮಗ."

ಗಾಜಕ್ಕ ಹಾಸಿಗೆಯ ಕಬ್ಬಿಣದ ಕಂಬಿ ಹಿಡಿದು, "ಅತ್ತೆ, ನಿಜ ಹೇಳಿ. ಒಂದು ಸಲ ನಿಜ ಹೇಳಿ!" ಅಂತ ಕೂಗಿದಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಇವಳ ಹೇಳಿಕೆಗೆ ತೂಕ ಸಿಗಲಿಲ್ಲ; ಹೆಂಡತಿ ಗಂಡನ ಪರ ಮಾತಾಡದೆ ಇನ್ನೇನು. ಮಾವನ ದವಡೆಗೆ ತಂತಿ ಹಾಕಿದರು, ಒಂದು ಕಣ್ಣು ಹೋಯಿತು, ಬಲಗಡೆಯ ಕೈಕಾಲು ಸ್ವಾಧೀನ ತಪ್ಪಿತು. ಗೋಂದುಗೆ ಎರಡು ವರ್ಷ ಜೈಲಾಯಿತು.

ಆ ಎರಡು ವರ್ಷ ಅವಳು ಹೇಗಿದ್ದಳು ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಮೊದಲ ತಿಂಗಳು ಅವಳ ಅಂಗಡಿಯಲ್ಲಿ ಗಾಜು ಒಡೆದಷ್ಟು ಹಿಂದೆಂದೂ ಒಡೆದಿರಲಿಲ್ಲ. ಗೀರು ಎಳೆಯುವಾಗ ಕೈ ಸರಿಯಿರುತ್ತಿತ್ತು, ಮುರಿಯುವಾಗ ಹಿಡಿತ ತಪ್ಪುತ್ತಿತ್ತು. ಒಂದು ದಿನ ಅಂಗೈ ಸೀಳಿಕೊಂಡು, ಬಟ್ಟೆ ಒತ್ತಿ ಹಿಡಿದು ನನ್ನಲ್ಲಿಗೆ ಬಂದಳು. ರಕ್ತ ತೊಟ್ಟಿಕ್ಕುತ್ತಿದ್ದರೂ ಅದರ ಕಡೆ ಲಕ್ಷ್ಯವಿಲ್ಲ.

"ನಾನೇ ಅಲ್ವಾ ಟೇಲರಣ್ಣ ಹೊಡಿ ಅಂದಿದ್ದು?"

ನಾನೂ ಅಂದಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ. ಅವಳ ಕೈಗೆ ಬಟ್ಟೆ ಬಿಗಿದು ಕಟ್ಟಿದೆ.

ಪ್ರತಿ ಭಾನುವಾರ ಜೈಲಿಗೆ ಹೋಗುತ್ತಿದ್ದಳು. ಮೊದಮೊದಲು ಇಬ್ಬರೂ ಜಾಲರಿಯ ಆಚೀಚೆ ಕೂತು ಅಂಗಡಿಯ ಮಾತಷ್ಟೇ ಆಡುತ್ತಿದ್ದರಂತೆ. ನಾಲ್ಕೈದು ತಿಂಗಳಾದ ಮೇಲೆ ಅವಳು ಇದೇ ಮಾತು ಎತ್ತಿದಳು. "ನಾನು ಚುಚ್ಚಿ ಚುಚ್ಚಿ ಹೀಗಾಯ್ತು."

"ಮಾತು ನಿನ್ನದು. ಕೈ ನನ್ನದು," ಅಂದ. "ಮೊದಲನೇ ಎರಡು ಅಮ್ಮನಿಗೋಸ್ಕರ. ಆಮೇಲಿನವು ಯಾರಿಗೋಸ್ಕರವೂ ಅಲ್ಲ. ಹೊಡೀತಾ ಹೊಡೀತಾ ಚೆನ್ನಾಗಿತ್ತು ಕಣೇ. ಅಪ್ಪನಿಗೂ ಹೀಗೇ ಚೆನ್ನಾಗಿರ್ತಿತ್ತೇನೋ."

ಅವಳು ಆ ದಿನ ಬಸ್ಸು ಹತ್ತದೆ ಹತ್ತು ಮೈಲಿ ನಡೆದೇ ಬಂದಳು.

ಜೈಲಿನ ಎರಡನೇ ವರ್ಷ, ಹಬ್ಬಕ್ಕೆ ವಾರವಿರುವಾಗ, ಅತ್ತೆಯನ್ನು ನೋಡಿ ಬರೋಣ ಅಂತ ಒಬ್ಬಳೇ ಹೊರಟಳು. ಸಿಟ್ಟು ಆರಿತ್ತೋ ಇಲ್ಲವೋ, ಒಮ್ಮೆ ನೋಡಬೇಕು ಅನ್ನಿಸಿತ್ತು. ಬಾಗಿಲು ತೆರೆದೇ ಇತ್ತು. ನಡುಮನೆಯ ಕುರ್ಚಿಯಲ್ಲಿ ಮಾವ. ಅರ್ಧ ಮುಖ ಜೋತುಬಿದ್ದು, ಎದೆಗೆ ಟವೆಲ್ಲು ಕಟ್ಟಿತ್ತು. ಅತ್ತೆ ಎದುರು ಕೂತು ಗಂಜಿ ತಿನ್ನಿಸುತ್ತಿದ್ದರು. ಮಾವ ಬಾಯಿ ತೆರೆಯುವುದು ಒಂದು ಗಳಿಗೆ ತಡವಾಯಿತು. ಅತ್ತೆ ಸ್ಟೀಲಿನ ಚಮಚವನ್ನು ಅವರ ಹಲ್ಲಿಗೆ ಕುಟ್ಟಿದರು.

"ತೆಗಿ ಅಂದೆ."

ಇನ್ನೊಮ್ಮೆ ಕುಟ್ಟಿದರು. ಟವೆಲ್ಲಿನ ಮೇಲೆ ಗಂಜಿಯ ಜೊತೆ ಕೆಂಪು ಇಳಿಯಿತು. ಮಾವನ ಒಂದೇ ಕಣ್ಣು ಮುಚ್ಚಿಕೊಂಡು, ಹೆಗಲು ಕಿವಿಯವರೆಗೆ ಏರಿತು. ಹಾಗೆ ಮುದುಡಿ ಕೂರುವ ಬಗೆ ಗಾಜಕ್ಕನಿಗೆ ಗೊತ್ತಿತ್ತು, ಅದು ಅತ್ತೆಯದಾಗಿತ್ತು. ಅತ್ತೆ ನಿಧಾನಕ್ಕೆ, ಅವಸರವಿಲ್ಲದೆ, ಬಟ್ಟಲಿನ ಗಂಜಿ ಮುಗಿಯುವವರೆಗೆ ತಿನ್ನಿಸಿದರು. ಆಮೇಲೆ ತಲೆಯೆತ್ತಿ ಸೊಸೆಯನ್ನು ನೋಡಿದರು.

"ನೋಡಿದೆಯಾ?"

"ನೋಡಿದೆ ಅತ್ತೆ."

"ಸರಿ. ಚಹಾ ಕುಡೀತೀಯಾ?"

ಗಾಜಕ್ಕ ಕುಡಿಯಲಿಲ್ಲ. ಹೊರಡುವಾಗ ಅತ್ತೆ ಬಾಗಿಲವರೆಗೆ ಬಂದು ಹೇಳಿದರು, "ಅವನು ಜೈಲಿಂದ ಬಂದ ಮೇಲೆ ಇಲ್ಲಿಗೆ ಬರೋದು ಬೇಡ ಅನ್ನು. ನನಗೆ ಅವನ ಮುಖ ನೋಡೋದಕ್ಕಾಗಲ್ಲ. ಸಿಟ್ಟಲ್ಲ ಕಣಮ್ಮ. ನಾಚಿಕೆ."

ಗೋಂದು ಹೊರಬಂದ ಮೇಲೆ ಪ್ರೆಸ್ಸಿನವರು ಕೆಲಸ ಕೊಡಲಿಲ್ಲ. ನನ್ನ ಅಂಗಡಿಯ ಮೂಲೆಯಲ್ಲೇ ಅವನು ಶಾಲೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಶುರುಮಾಡಿದ. ಗಾಜಕ್ಕ ಅವನನ್ನು ಮನೆಗೆ ಸೇರಿಸಿಕೊಳ್ಳುವ ಮುಂಚೆ ಮೆಟ್ಟಿಲ ಮೇಲೆ ನಿಲ್ಲಿಸಿ ಒಂದು ಮಾತು ಹೇಳಿದಳು. ನಾನು ಎದುರಿನಿಂದ ಕೇಳಿಸಿಕೊಂಡೆ.

"ನನ್ನ ಮೇಲೆ ಕೈ ಎತ್ತಿದ ದಿನ ನಾನು ಹೊರಟೆ. ಹೇಳಿ ಹೋಗಲ್ಲ."

"ಹ್ಞೂಂ."

"ನಾನೂ ನಿನ್ನನ್ನ ಚುಚ್ಚಲ್ಲ."

ಅದಕ್ಕೆ ಅವನು ನಕ್ಕ. ಆ ಎರಡನೇ ಮಾತು ಅವಳು ಪಾಲಿಸುವಂಥದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವನು ಕೈ ಎತ್ತಲಿಲ್ಲ. ಆದರೆ ಒಮ್ಮೆ, ಬಂದ ಮೊದಲ ವರ್ಷ, ಅಡುಗೆಮನೆಯ ಹಲಗೆ ಹೊಡೆಯುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಅವನ ದನಿ ಬೀದಿಗೆ ಕೇಳಿಸಿತು. ಆಮೇಲೆ ಸುತ್ತಿಗೆ ಕೆಳಗೆ ಬಿದ್ದ ಸದ್ದು. ನಾನು ಕತ್ತರಿ ಕೆಳಗಿಟ್ಟು ಎದ್ದೆ. ಅವನು ದಡದಡನೆ ಮೆಟ್ಟಿಲಿಳಿದು ಬಂದು ನನ್ನ ಅಂಗಡಿಯೊಳಗೆ ನುಗ್ಗಿ, ಗೋಡೆಗೆ ಬೆನ್ನು ಕೊಟ್ಟು ಕೂತ. ಮೇಲೆ ಅವಳು ಬಾಗಿಲಿಗೆ ಅಗಳಿ ಹಾಕಿದ್ದು ಕೇಳಿಸಿತು. ಒಂದು ಗಂಟೆ ಹಾಗೇ ಕೂತಿದ್ದ. ಅವನ ಎರಡೂ ಕೈ ತೊಡೆಯ ಕೆಳಗಿದ್ದವು, ಮಕ್ಕಳು ಕೂರುವ ಹಾಗೆ. ಅವಳು ಮೇಲಿನಿಂದ, "ಊಟಕ್ಕೆ ಬರ್ತೀಯಾ ಇಲ್ವಾ?" ಅಂದ ಮೇಲೆ ಎದ್ದು ಹೋದ. ಅಗಳಿ ತೆಗೆಯುವುದಕ್ಕೆ ಅವಳು ಕೊಂಚ ಹೊತ್ತು ತೆಗೆದುಕೊಂಡಳು.

ಮಾವ ಹೋದ ಸುದ್ದಿ ಬಂದದ್ದು ಅದರ ಮುಂದಿನ ಚಳಿಗಾಲದಲ್ಲಿ, ನಾದಿನಿಯ ಫೋನಿನಲ್ಲಿ, ಎಲ್ಲ ಮುಗಿದು ಹನ್ನೊಂದು ದಿನವಾದ ಮೇಲೆ. ಗೋಂದು ಕೇಳಿದ್ದು ಒಂದೇ: "ಅಮ್ಮ ಊಟ ಮಾಡ್ತಿದಾಳಾ?"

ಆ ವರ್ಷದ ರಜೆಗೆ ಅವರಿಬ್ಬರೂ ಸಮುದ್ರ ನೋಡಲು ಹೊರಟಿದ್ದರು. ಪರಿಚಯದವರು ಯಾರೂ ಇಲ್ಲದ ಊರು ಬೇಕು ಅಂತ ಹುಡುಕಿ ಆರಿಸಿದ್ದಳು. ಹೊರಡುವ ಬೆಳಿಗ್ಗೆ ಒಂಬತ್ತಕ್ಕೆ ಮೆಟ್ಟಿಲ ಕೆಳಗೆ ಒಂದು ಕೈಚೀಲ ಹಿಡಿದುಕೊಂಡು ಅತ್ತೆ ನಿಂತಿದ್ದರು. ಹೇಳಿಲ್ಲ ಕೇಳಿಲ್ಲ, ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ತಾಯಿ ಮಗ ಒಬ್ಬರನ್ನೊಬ್ಬರು ನೋಡಿದರು. ಗಾಜಕ್ಕನೇ ಮುಂದೆ ಬಂದು, "ಬಸ್ಸು ಹತ್ತೂವರೆಗೆ ಅತ್ತೆ. ಮುಖ ತೊಳ್ಕೊಳ್ಳಿ, ನೀವೂ ಹೊರಡಿ," ಅಂದಳು. ನಾನೇ ಮೂವರನ್ನೂ ಬಸ್ಸಿಗೆ ಹತ್ತಿಸಲು ಹೋದೆ.

ನಿಲ್ದಾಣದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು. ದಪ್ಪನೆಯ ಮನುಷ್ಯನೊಬ್ಬ ಹಿಂದಿನಿಂದ ಬಂದು, ಮೊಣಕೈಯಿಂದ ಗಾಜಕ್ಕನ ಎದೆಗೆ ತಿವಿದು, "ಸರಿಯಮ್ಮಾ ಆಕಡೆ!" ಅಂದ. ಅವಳು ತತ್ತರಿಸಿ ನನ್ನ ಮೇಲೆ ಬಿದ್ದಳು. ಅವಳು ಸುಧಾರಿಸಿಕೊಳ್ಳುವುದರೊಳಗೆ ಅತ್ತೆ ಆ ಕೈಚೀಲವನ್ನು ಎತ್ತಿ ಅವನ ಮುಖಕ್ಕೆ ಬೀಸಿದ್ದರು. ಒಳಗೆ ಏನೋ ಗಟ್ಟಿಯಾದದ್ದಿತ್ತು. ಅವನ ಹುಬ್ಬು ಬಿರಿದು ರಕ್ತ ಕಣ್ಣಿಗೆ ಇಳಿಯಿತು. ಅತ್ತೆ ಮತ್ತೊಮ್ಮೆ ಬೀಸಿದರು. ಮತ್ತೊಮ್ಮೆ. "ನನ್ನ ಸೊಸೇನ! ನನ್ನ ಸೊಸೇನ ಮುಟ್ತೀಯಾ!" ಆ ಸಣಕಲು ದೇಹದಲ್ಲಿ ಅಷ್ಟು ಬಲ ಎಲ್ಲಿತ್ತೋ. ಜನ ಹಿಂದೆ ಸರಿದು ಜಾಗ ಮಾಡಿಕೊಟ್ಟರು. ಅವನು ಕೈ ಅಡ್ಡ ಹಿಡಿದು ನೆಲಕ್ಕೆ ಕುಸಿದ.

ಗೋಂದು ಹೋಗಿ ತಾಯಿಯ ಕೈಯನ್ನು ಮೇಲೆಯೇ ಹಿಡಿದುಕೊಂಡ. ಎಳೆಯಲಿಲ್ಲ, ತಿರುಚಲಿಲ್ಲ.

"ಅಮ್ಮ. ಸಾಕು. ಕೊಡು."

"ಅವನು ಅವಳನ್ನ…"

"ಗೊತ್ತು. ಸಾಕಾಗತ್ತೆ. ಈಗ ನಿಲ್ಲಿಸದಿದ್ರೆ ಆಮೇಲೆ ನಿಲ್ಲಲ್ಲ ಅದು. ನನಗೆ ಗೊತ್ತಮ್ಮ. ಚೀಲ ಕೊಡು."

ಅತ್ತೆ ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡಿದರು. ಬೆರಳುಗಳು ಒಂದೊಂದಾಗಿ ಸಡಿಲಾದವು. ಅವನು ಚೀಲವನ್ನು ಗಾಜಕ್ಕನಿಗೆ ಕೊಟ್ಟು, ಬಿದ್ದವನನ್ನು ಎಬ್ಬಿಸಿ, ನನ್ನ ಹೆಗಲ ಮೇಲಿದ್ದ ಟವೆಲ್ಲು ಎಳೆದುಕೊಂಡು ಅವನ ಹುಬ್ಬಿಗೆ ಒತ್ತಿ ಹಿಡಿದ. ಆ ಮನುಷ್ಯ ಪೊಲೀಸು ಗಿಲೀಸು ಅಂತ ಕೂಗಾಡಿದ. ಕಂಡಕ್ಟರು ಸೀಟಿ ಊದಿ, ಹತ್ತೋರು ಹತ್ತಿ, ಜಗಳ ಆಡೋರು ಇಲ್ಲೇ ಇರಿ ಅಂದ. ಮೂವರೂ ಹತ್ತಿದರು.

ಕೊನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಗೋಂದು ತಾಯಿಯ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತ. ಬಸ್ಸು ಹೊರಡುವಾಗ ಗಾಜಕ್ಕ ಕಿಟಕಿಯಿಂದ ತಲೆ ಹೊರಹಾಕಿ, ನಿಮ್ಮ ಟವೆಲ್ಲು ಹೋಯ್ತಲ್ಲ ಟೇಲರಣ್ಣ, ಅಂದಳು. ಹೋಗಲಿ ಬಿಡು ಅಂದೆ.